ಮಂಚದ ಕೆಳಗಿನ 300 ಪುಸ್ತಕಗಳು

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.)

ನಾನು ಆಪ್ತಸಲಹೆಗಾರ್ತಿ. ಅವರು ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ವಯಸ್ಸು 47, ಜಿಲ್ಲಾ ಕೇಂದ್ರವೊಂದರಲ್ಲಿ ನೌಕರಿ. ಕಾದಂಬರಿಯ ವಿಷಯ ಹೊರಗೆ ಬಂದಿದ್ದು ಎರಡನೇ ಭೇಟಿಯಲ್ಲಿ. ಆರು ವರ್ಷ ಕೂತು ಬರೆದದ್ದು, ಕೈಯಿಂದ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದ್ದು, ಬಿಡುಗಡೆಯ ದಿನ ನೆಂಟರು, ಆಫೀಸಿನವರು ಒಂದಷ್ಟು ಕೊಂಡಿದ್ದು, ಉಳಿದ 300 ಪ್ರತಿ ಮಂಚದ ಕೆಳಗೆ ಸೇರಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದರು. "ಮಲಗಿದರೆ ಅವು ಬೆನ್ನಿಗೆ ಒತ್ತಿದ ಹಾಗೆ ಆಗುತ್ತೆ ಮೇಡಂ."

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇವರಿಗೆ ಖುಷಿಯಾಯಿತು, ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೂ ಆಯಿತು. ಆ ವಾರವೇ ಲಂಡನ್, ನ್ಯೂಯಾರ್ಕಿನ ಲಿಟರರಿ ಏಜೆಂಟರಿಗೆ, ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡಿ ಪುಸ್ತಕ ಮಾರಿಕೊಡುವವರಿಗೆ, ಮೇಲ್ ಕಳಿಸಲು ಶುರು ಮಾಡಿದರು. ಒಟ್ಟು 41. ಮೂರು ಕಡೆಯಿಂದ ಎರಡು ಸಾಲಿನ 'ಇಲ್ಲ' ಬಂತು, ಉಳಿದವರ ಸುದ್ದಿಯೇ ಇಲ್ಲ. ಕೊನೆಗೆ ಯಾರೋ ಫೋನ್ ಮಾಡಿ, ನಾವು ಏಜೆಂಟರು, ಓದುವ ಶುಲ್ಕ, ತಿದ್ದುವ ಶುಲ್ಕ ಎಲ್ಲ ಸೇರಿ 1.60 ಲಕ್ಷ ಅಂದರು. ಮಗಳ ಕಾಲೇಜಿಗೆ ಇಟ್ಟ ಎಫ್‌ಡಿ ಮುರಿಸಲಾ ಅಂತ ನನ್ನನ್ನು ಕೇಳಿದರು.

ಸಾಮಾನ್ಯವಾಗಿ ನಾವು ಆಪ್ತಸಲಹೆಗಾರರು ಹೀಗೆ ಮಾಡಿ, ಹಾಗೆ ಮಾಡಿ ಅನ್ನುವುದಿಲ್ಲ. ನಿರ್ಧಾರ ಅವರದ್ದೇ ಆಗಿರಬೇಕು. ಆದರೆ ಆವತ್ತು ನೇರವಾಗಿ ಬೇಡ ಅಂದೆ. ಲೇಖಕರಿಗೆ ದುಡ್ಡು ಬಂದರೇನೇ ಏಜೆಂಟಿಗೆ ಅದರಲ್ಲಿ ಪಾಲು: ತಮ್ಮ ದೇಶದ ಒಪ್ಪಂದಕ್ಕೆ ಸಾಮಾನ್ಯವಾಗಿ ಶೇ. 15, ವಿದೇಶದ ಅಥವಾ ಅನುವಾದದ ಹಕ್ಕಿಗೆ ಶೇ. 20ರಷ್ಟು. ಓದೋಕೇ ಮೊದಲು ದುಡ್ಡು ಕೇಳುವವರಿಗೆ ನಿಮ್ಮ ಪುಸ್ತಕ ಮಾರುವ ಅವಸರ ಏನಿದೆ?

ಆಮೇಲೆ ಆ 41 ಹೆಸರುಗಳನ್ನು ಹಾಳೆಯಲ್ಲಿ ಬರೆಸಿದೆ. ಕನ್ನಡ ಓದಬಲ್ಲವರ ಮುಂದೆ ಗುರುತು ಹಾಕಿ ಅಂದೆ. ಪೆನ್ನು ಹಿಡಿದು ತುಂಬಾ ಹೊತ್ತು ಕೂತರು. ಒಂದು ಗುರುತೂ ಬೀಳಲಿಲ್ಲ. ಇಂಗ್ಲಿಷಿನ ಒಂದು ಪುಟವನ್ನೂ ಜೊತೆಗೆ ಕಳಿಸಿರಲಿಲ್ಲ. ಅಂದರೆ ಅವರ ಕಾದಂಬರಿಯನ್ನು ಆ 41 ಜನರಲ್ಲಿ ಯಾರೂ ಓದಿಯೇ ಇಲ್ಲ. ಓದದೇ ಇದ್ದವರ ಮೌನವನ್ನು ಇವರು ತಮ್ಮ ಬರವಣಿಗೆಗೆ ಬಂದ ತೀರ್ಪು ಅಂದುಕೊಂಡು ತಿಂಗಳುಗಟ್ಟಲೆ ನಿದ್ದೆ ಕಳೆದುಕೊಂಡಿದ್ದರು. ಆಗ ಅತ್ತರು. ನಾನು ತಡೆಯಲಿಲ್ಲ.

ಕೊಟ್ಟ ಸಲಹೆ ಇಷ್ಟು. ಮೊದಲು ಆ ಡಬ್ಬಗಳು ಮಲಗುವ ಕೋಣೆಯಿಂದ ಹೊರಗೆ ಹೋಗಲಿ. ಮೇಲ್ ನೋಡೋದು ಭಾನುವಾರ ಒಂದು ಗಂಟೆ ಮಾತ್ರ, ರಾತ್ರಿ ಬೇಡವೇ ಬೇಡ. ಅಚ್ಚು ಹಾಕಿಸುವಾಗ ಸಹಿ ಹಾಕಿದ ಕಾಗದ ಹುಡುಕಿ ಓದಿ. ಹಕ್ಕು ಯಾರಿಗೂ ಬರೆದುಕೊಟ್ಟಿಲ್ಲ ಅಂದರೆ ಅನುವಾದದ ಹಕ್ಕು ಪೂರ್ತಿ ನಿಮ್ಮದೇ, ಅದು ಸಣ್ಣ ಆಸ್ತಿ ಅಲ್ಲ. ಈಗ ಬೇಕಿರೋದು ಏಜೆಂಟ್ ಅಲ್ಲ, ಅನುವಾದಕರು. ಇಪ್ಪತ್ತು ಮೂವತ್ತು ಪುಟ ಇಂಗ್ಲಿಷಿಗೆ ಬರಲಿ, ಅವರ ಜೊತೆಗೂ ಬರಹದಲ್ಲೇ ಒಪ್ಪಂದ ಇರಲಿ. ಆ ಅನುವಾದ, ಒಂದು ಪುಟದ ಪತ್ರ, ಕಥಾಸಾರ ಕೈಯಲ್ಲಿದ್ದರೆ ನಮ್ಮ ದೇಶದ ಏಜೆಂಟರನ್ನೇ ಕೇಳಬಹುದು. ಇನ್ನು ಮುಂದಿನ ಕಾದಂಬರಿ? ಕನ್ನಡದಲ್ಲಿ ಏಜೆಂಟ್ ಅನ್ನೋ ರೂಢಿ ಇಲ್ಲವೇ ಇಲ್ಲ ಅನ್ನಬಹುದು, ಹಸ್ತಪ್ರತಿ ನೇರ ಪ್ರಕಾಶಕರಿಗೇ ಹೋಗುತ್ತೆ. ಹಾಗಾಗಿ ಅಚ್ಚು ಹಾಕಿಸುವ ಮೊದಲೇ ಕಳಿಸಿ. ಒಮ್ಮೆ ಅಚ್ಚಾದದ್ದನ್ನು ಎತ್ತಿಕೊಳ್ಳೋಕೆ ಪ್ರಕಾಶಕರು ಸಾಮಾನ್ಯವಾಗಿ ಹಿಂಜರಿಯುತ್ತಾರೆ.

ಹೋದ ತಿಂಗಳು ಬಂದಿದ್ದರು. ಪರಿಚಯದ ಕಾಲೇಜು ಉಪನ್ಯಾಸಕಿಯೊಬ್ಬರು 22 ಪುಟ ಅನುವಾದ ಮಾಡಿದ್ದಾರೆ. ಇವರಿಗೆ ಸಮಾಧಾನ ಇಲ್ಲ. "ಅಜ್ಜಿ ಕೊನೇ ಸಲ 'ಹೋಗಿ ಬರ್ತೀನಿ' ಅಂತಾಳೆ ಮೇಡಂ, ಇಂಗ್ಲಿಷಿನಲ್ಲಿ ಅದು ಬರೀ 'ಹೋಗ್ತೀನಿ' ಆಗಿಬಿಟ್ಟಿದೆ" ಅಂತ ಇಪ್ಪತ್ತು ನಿಮಿಷ ಅದನ್ನೇ ಮಾತಾಡಿದರು. ನಿದ್ದೆಯ ವಿಷಯ ಕೊನೆಗೆ ನಾನೇ ಕೇಳಬೇಕಾಯಿತು.