ಕೆಲಸಕ್ಕೆ ಹೋಗೋ ಕಾರನ್ನೇ ಟ್ರ್ಯಾಕ್‌ಗೂ ಒಯ್ಯಬಹುದಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಬಂಗಾರಪೇಟೆಯಿಂದ ನರಸಾಪುರಕ್ಕೆ ದಿನಾ ಓಡಾಟ, ಕೈಯಲ್ಲಿ 4 ಲಕ್ಷ, ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಮೇಲೆ ಕಣ್ಣು, ವರ್ಷಕ್ಕೆ ಎರಡು ಸಲ ಚೆನ್ನೈ ಕಡೆ ಟ್ರ್ಯಾಕ್ ಡೇ, ಅಂದರೆ ನಮ್ಮದೇ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಮೊದಲು ರಿಮ್ಯಾಪ್ (ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಲಾ, ಬೇರೆ ಎಕ್ಸಾಸ್ಟ್ (ಹೊಗೆ ಕೊಳವೆ) ಹಾಕಿಸಲಾ ಅಂತ ಕೇಳಿದ್ದೀರಿ. ಊರಿನ ಹೆಸರೊಂದು ಬದಲಾಯಿಸಿದರೆ 2018ರಲ್ಲಿ ನಾನಿದ್ದದ್ದೇ ಹೀಗೆ.

ನಾನು ಕೋಲಾರದವನು. ಡ್ರಿಪ್ ಪೈಪ್ ಮಾರುವ ಕೆಲಸ. ಬೆಳಿಗ್ಗೆ ಶ್ರೀನಿವಾಸಪುರ, ಮಧ್ಯಾಹ್ನ ಮುಳಬಾಗಿಲು, ಸಂಜೆ ಯಾವುದಾದರೂ ಡೀಲರ್ ಅಂಗಡಿ. ದಿನಕ್ಕೆ 100 ಕಿ.ಮೀ. ಸುಲಭವಾಗಿ ಆಗುತ್ತಿತ್ತು. ಅದಕ್ಕೇ ಡೀಸೆಲ್ ಬೇಕು ಅಂತ 2013ರ ಸ್ವಿಫ್ಟ್ ವಿಡಿಐ ತೆಗೆದುಕೊಂಡೆ. ಬೆಂಗಳೂರಿನ ಗಾಡಿ, 84,000 ಓಡಿತ್ತು, 4,10,000 ಕೊಟ್ಟೆ. ಕೊಳ್ಳುವಾಗ ನೋಡಬೇಕಾದ್ದನ್ನೆಲ್ಲ ನೋಡಿದೆ ಅಂದುಕೊಂಡಿದ್ದೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿದೆ. ಗುದ್ದಿಸಿ ರಿಪೇರಿ ಮಾಡಿಸಿದ ಗಾಡಿಯಾ ಅಂತ ಬಾನೆಟ್ ಬೋಲ್ಟ್‌ಗಳ ಬಣ್ಣ ಕಿತ್ತಿದೆಯಾ ನೋಡಿದೆ. ನೀರಲ್ಲಿ ಮುಳುಗಿದ ಗಾಡಿಯಾ ಅಂತ ಕಾರ್ಪೆಟ್ ಎತ್ತಿ ಮಣ್ಣು ಹುಡುಕಿದೆ. ಬ್ಯಾಂಕ್ ಸಾಲ ತೀರಿದ್ದಕ್ಕೆ ಎನ್‌ಒಸಿ, ಫಾರಂ 35 ಎಲ್ಲಾ ಇಸ್ಕೊಂಡೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ.

ಟ್ರ್ಯಾಕ್ ಹುಚ್ಚು ಹಿಡಿದದ್ದು ಮುಂದಿನ ವರ್ಷ. ನಮ್ಮ ಕೋಲಾರದವರಿಗೆ ಅದು ದೂರವೂ ಅಲ್ಲ ಅಲ್ವಾ. ಇದೇ ಚೆನ್ನೈ ಹೆದ್ದಾರಿ ಹಿಡಿದು ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿದರೆ ಶ್ರೀಪೆರಂಬದೂರಿನ ಪಕ್ಕ ಇರುಂಗಾಟ್ಟುಕೋಟೈ. 1990ರಿಂದ ಇರುವ ಟ್ರ್ಯಾಕ್, 3.7 ಕಿ.ಮೀ., 12 ತಿರುವು. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಆಗ ಎಲ್ಲರೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಅಂತಿದ್ದರು. ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮೊದಲೇ ಅಲ್ಲಿರಬಹುದು.

ಹೋಗುವ ಮೊದಲು ಗಾಡಿ ರೆಡಿ ಮಾಡಲು ಕೂತೆ. ಟೇಕಲ್ ರಸ್ತೆಯಲ್ಲಿ ನನಗೆ ಬೇಕಾದ ಮೆಕ್ಯಾನಿಕ್ ಒಬ್ಬನಿದ್ದ. ಸಿಗರೇಟ್ ಪ್ಯಾಕಿನ ಒಳಗಡೆ ಚೀಟಿಯ ಹಿಂದೆ ಪಟ್ಟಿ ಬರೆದುಕೊಟ್ಟ. ರಿಮ್ಯಾಪ್ 22,000. ಅಲಾಯ್ ಮತ್ತು ಅಗಲದ ಟೈರ್ 34,000. ಎಕ್ಸಾಸ್ಟ್ 14,000. ಗಾಡಿ ತಗ್ಗಿಸುವ ಸ್ಪ್ರಿಂಗ್ 18,000. ಕೊನೆಯ ಸಾಲು ಬ್ರೇಕ್ ಪ್ಯಾಡ್ ಮತ್ತು ಆಯಿಲ್, 4,500. "ಅಣ್ಣಾ, ಆಯಿಲ್ ಕಪ್ಪಾಗಿದೆ, ಚೇಂಜ್ ಮಾಡಿಬಿಡೋಣ" ಅಂದ. ನಾನು ಅವನ ಕೈಯಿಂದಲೇ ಪೆನ್ ತೆಗೆದುಕೊಂಡು ಆ ಸಾಲು ಹೊಡೆದುಹಾಕಿದೆ. ಒಟ್ಟು 88,000 ಆಗಲೇ ಆಗಿತ್ತು. ಊರಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು, ಇದೊಂದು ಮುಂದಿನ ತಿಂಗಳು ನೋಡೋಣ ಅಂದೆ.

ಆ ಒಂದು ಗೆರೆ ಎಳೆದದ್ದೇ ನನ್ನ ತಪ್ಪು. ಯಾಕೆ ಅಂತ ಪೂರ್ತಿ ಹೇಳ್ತೀನಿ, ದಯವಿಟ್ಟು ಸಮಾಧಾನವಾಗಿ ಓದಿ.

ನೀವು ಪೆಡಲ್ ಒತ್ತಿದಾಗ ಆ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಬ್ರೇಕ್ ಆಯಿಲ್. ದ್ರವ ಕುಗ್ಗುವುದಿಲ್ಲ, ಅದಕ್ಕೇ ಕಾಲಿನ ಒತ್ತಡ ಹಾಗೇ ಪ್ಯಾಡಿಗೆ ಹೋಗುತ್ತದೆ. ಆದರೆ ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತಾ ಹೋಗುತ್ತದೆ. ಗಾಡಿ ಸುಮ್ನೆ ನಿಂತಿದ್ದರೂ ಹೀರುತ್ತದೆ. ಬ್ರೇಕ್ ಆಯಿಲ್‌ನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಸುಮಾರು 3.7 ಶೇಕಡಾ ನೀರು ಸೇರಿಕೊಂಡರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ನೀರು ಸೇರಿದ ಮೇಲೆ 155. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು. ನನ್ನ ಗಾಡಿಯಲ್ಲಿ ಯಾವಾಗ ಬದಲಾಯಿಸಿದ್ದರೋ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು.

ಊರಲ್ಲಿ ಇದು ಗೊತ್ತೇ ಆಗುವುದಿಲ್ಲ. ಸ್ಪೀಡ್ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 80ರಿಂದ 40ಕ್ಕೆ ಇಳಿಸುವಾಗ ಹುಟ್ಟುವ ಬಿಸಿಗಿಂತ 140ರಿಂದ 60ಕ್ಕೆ ಇಳಿಸುವಾಗಿನ ಬಿಸಿ ಮೂರು ಪಟ್ಟಿಗೂ ಜಾಸ್ತಿ. ಹೆದ್ದಾರಿಯಲ್ಲಿ ಒಮ್ಮೆ ಹಾಗೆ ಹಿಡಿದರೆ ಆಮೇಲೆ ಆರಲು ಸಮಯ ಸಿಗುತ್ತದೆ. ಟ್ರ್ಯಾಕಿನಲ್ಲಿ ಒಂದೊಂದು ಸುತ್ತಿನಲ್ಲೂ ಮತ್ತೆ ಮತ್ತೆ ಹಿಡಿಯಬೇಕು, ಆರಲು ಬಿಡುವೇ ಇಲ್ಲ. ನಾನು ರಿಮ್ಯಾಪ್ ಮಾಡಿಸಿ ಸ್ಪೀಡ್ ಇನ್ನಷ್ಟು ಹೆಚ್ಚಿಸಿಕೊಂಡಿದ್ದೆ. ಅಗಲದ ಟೈರ್ ಹಾಕಿ ಇನ್ನೂ ಗಟ್ಟಿಯಾಗಿ ಬ್ರೇಕ್ ಹಿಡಿಯುವ ಹಾಗೆ ಮಾಡಿಕೊಂಡಿದ್ದೆ. ಆ ಬಿಸಿ ಕೊನೆಗೆ ತಟ್ಟಿದ್ದು ಆ ಹಳೇ ಆಯಿಲ್‌ಗೆ. ಡೀಸೆಲ್ ಸ್ವಿಫ್ಟ್ ಪೆಟ್ರೋಲಿಗಿಂತ ಸುಮಾರು 100 ಕೆಜಿ ಭಾರ ಬೇರೆ, ಆ ಭಾರವೂ ಮೂತಿಯ ಕಡೆಗೇ.

2019ರ ಜೂನ್, ಭಾನುವಾರ. ಮೊದಲ ಮೂರು ಸುತ್ತು ಸ್ವರ್ಗ. ನಾಲ್ಕನೇ ಸುತ್ತಿನಲ್ಲಿ ಪೆಡಲ್ ಮೆತ್ತಗಾಯಿತು, ಸ್ಪಂಜ್ ಒತ್ತಿದ ಹಾಗೆ. ಅಲ್ಲೇ ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಬರಬೇಕಿತ್ತು. ಇನ್ನೊಂದು ಸುತ್ತು ಅಂತ ಹೋದೆ. ನೇರ ದಾರಿಯ ಕೊನೆಯಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ನೆಲ ಮುಟ್ಟಿತು. ಶಬ್ದವಿಲ್ಲ, ವಾಸನೆಯಿಲ್ಲ, ಎದುರಿಗೆ ಏನೂ ತಡೆಯೇ ಇಲ್ಲ. ಆಯಿಲ್ ಕುದ್ದು ಹಬೆಯಾಗಿತ್ತು. ಹಬೆ ಕುಗ್ಗುತ್ತದೆ, ನಾನು ಒತ್ತಿದ್ದೆಲ್ಲಾ ಆ ಗುಳ್ಳೆಗಳೇ ನುಂಗಿಬಿಟ್ಟವು. ಎರಡು ಸಲ ಪಂಪ್ ಮಾಡಿದೆ, ಮೂರನೇ ಸಲಕ್ಕೆ ಸ್ವಲ್ಪ ಸಿಕ್ಕಿತು. ಅಷ್ಟರಲ್ಲಿ ದಾರಿ ಮುಗಿದಿತ್ತು. ಮಣ್ಣಿಗೆ ಇಳಿದು ಜೋಡಿಸಿಟ್ಟ ಟೈರ್‌ಗಳಿಗೆ ಎಡಗಡೆ ಮೂತಿ ಗುದ್ದಿತು. ನನಗೆ ಏನೂ ಆಗಲಿಲ್ಲ. ಇಳಿದು ನಿಂತಾಗ ಕಾಲು ನಡುಗುತ್ತಿದ್ದದ್ದು ಈಗಲೂ ನೆನಪಿದೆ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಪ್ಯಾಡ್ ಕಾದು ಸೋತರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆಯಿಲ್ ಕುದಿದರೆ ಪೆಡಲ್ಲೇ ಒಳಗೆ ಹೋಗುತ್ತದೆ. ಮೊದಲನೆಯದಕ್ಕೆ ಒಳ್ಳೆ ಪ್ಯಾಡ್ ಬೇಕು. ಎರಡನೆಯದಕ್ಕೆ ಹೊಸ ಆಯಿಲ್ ಹಾಕಿಸಿ ಸರಿಯಾಗಿ ಏರ್ ತೆಗೆಸಿದರೆ ಸಾಕು.

ಸ್ವಿಫ್ಟ್ ಟ್ರಕ್ಕಿನ ಮೇಲೆ ಕೋಲಾರಕ್ಕೆ ಬಂತು. ರಿಪೇರಿ 1,46,000. ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲಿಲ್ಲ, ಅವರನ್ನು ಬೈಯುವುದಕ್ಕೂ ಆಗುವುದಿಲ್ಲ. ರೇಸಿಂಗ್‌ಗೆ, ಸ್ಪೀಡ್ ಟೆಸ್ಟಿಂಗ್‌ಗೆ ಬಳಸಿದರೆ ಅನ್ವಯಿಸುವುದಿಲ್ಲ ಅಂತ ಪಾಲಿಸಿಯಲ್ಲೇ ಬರೆದಿದೆ. ನಿಮ್ಮ ಪಾಲಿಸಿಯಲ್ಲೂ ಇರುತ್ತದೆ, ತೆಗೆದು ನೋಡಿ.

ಹಣಕ್ಕಿಂತ ಜಾಸ್ತಿ ನೋವಾದದ್ದು ಆಮೇಲಿನ 47 ದಿನ. ಜೂನ್, ಜುಲೈ ಅಂದರೆ ಕೋಲಾರದಲ್ಲಿ ಟೊಮೆಟೊ ಕಾಲ. ಎಪಿಎಂಸಿಯಲ್ಲಿ ರಾತ್ರಿಯೆಲ್ಲಾ ಲಾರಿ, ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಸಮಯ, ನನ್ನ ಇಡೀ ವರ್ಷದ ವ್ಯಾಪಾರ ನಿಂತಿರುವುದೇ ಆಗ. ನಾನು ಭಾವಮೈದನ ಬೈಕಿನಲ್ಲಿ ಪೈಪಿನ ಸುರುಳಿ ಕಟ್ಟಿಕೊಂಡು ಓಡಾಡಿದೆ. ಲ್ಯಾಟರಲ್ (ಡ್ರಿಪ್‌ನ ಸಣ್ಣ ಪೈಪ್) ಸುರುಳಿ ಬೈಕಿನ ಹಿಂದೆ ಎಷ್ಟು ಕಟ್ಟಿದರೂ ಬಿಚ್ಚಿಕೊಳ್ಳುತ್ತದೆ. ದಿನಕ್ಕೆ ಎಂಟು ಊರು ನೋಡುತ್ತಿದ್ದವನು ಮೂರು ಊರಿಗೆ ಬಂದೆ. ತಾಯಲೂರಿನ ಕಡೆಯ ಒಬ್ಬ ರೈತರು ಎರಡು ಎಕರೆಗೆ ಆರ್ಡರ್ ಕೊಡಲು ನನಗಾಗಿ ಹತ್ತು ದಿನ ಕಾದರು, ಸಸಿ ಒಣಗುತ್ತೆ ಅಂತ ಬೇರೆಯವರ ಹತ್ತಿರ ತೆಗೆದುಕೊಂಡರು. ಅವರ ತಪ್ಪೇನಿದೆ? ಆ ಸೀಸನ್ನಿನ ಇನ್ಸೆಂಟಿವ್ ಪೂರ್ತಿ ಹೋಯಿತು.

ಹಾಗಾಗಿ ರಿಮ್ಯಾಪಾ ಎಕ್ಸಾಸ್ಟಾ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಯೇ ಬೇಡ. ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಬೇಕಾದ ಗಾಡಿಯನ್ನು ಭಾನುವಾರ ಟ್ರ್ಯಾಕಿಗೆ ಇಳಿಸಬೇಡಿ. ಡೀಸೆಲ್ಲೋ ಪೆಟ್ರೋಲೋ, ಸ್ವಿಫ್ಟೋ ಪೋಲೋನೋ, ಅದೆಲ್ಲಾ ಆಮೇಲಿನ ಮಾತು. ಅಂದಹಾಗೆ ನಮ್ಮ ದೇಶದಲ್ಲಿ ಪೋಲೋ 2022ಕ್ಕೇ ನಿಂತುಹೋಯಿತು, ದಿನದ ಓಡಾಟಕ್ಕೆ ನಾನಂತೂ ಹೇಳುವುದಿಲ್ಲ. ರಸ್ತೆಯಲ್ಲಿ ಓಡುವ ಗಾಡಿಗೆ ಮಾರ್ಪಾಡು ಮಾಡಿಸುವುದಕ್ಕೆ ಕಾನೂನೂ ಅಡ್ಡ ಬರುತ್ತದೆ. ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ.

4 ಲಕ್ಷದಲ್ಲಿ 3 ಲಕ್ಷಕ್ಕೆ ಒಂದು ಪೆಟ್ರೋಲ್ ವ್ಯಾಗನ್ ಆರ್ ಅಥವಾ ಸ್ವಿಫ್ಟ್ ನೋಡಿ, ಕಂಪನಿಯಿಂದ ಬಂದ ಹಾಗೇ ಇಟ್ಟುಕೊಳ್ಳಿ. ತಗ್ಗಿಸಿದ ಸ್ಪ್ರಿಂಗಿನಲ್ಲಿ ನಮ್ಮ ಹಳ್ಳಿಗಳ ಹಂಪ್ ದಾಟಿದ್ದೀರಾ? ದಿನಾ ಎಂಜಿನ್ ತಳದ ಆಯಿಲ್ ಸಂಪ್ ಉಜ್ಜುತ್ತದೆ, ಸೊಂಟವೂ ಹೋಗುತ್ತದೆ. ಟ್ರ್ಯಾಕ್ ಆಸೆ ಬಿಡಿ ಅಂತ ನಾನು ಹೇಳುತ್ತಿಲ್ಲ, ನನಗೇ ಬಿಡಲು ಆಗಲಿಲ್ಲ. ನಾವು ಮೂವರು ಸೇರಿ 2008ರ ಹಳೇ 1.3 ಪೆಟ್ರೋಲ್ ಸ್ವಿಫ್ಟ್ ಇಟ್ಟುಕೊಂಡಿದ್ದೇವೆ. 15 ವರ್ಷ ಮುಗಿದಾಗ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸಿದೆವು. ಎಂಜಿನ್ ಮುಟ್ಟಿಲ್ಲ. ಖರ್ಚು ಮಾಡಿದ್ದು ಪ್ಯಾಡ್, ಆಯಿಲ್, ಟೈರ್, ಇಷ್ಟಕ್ಕೇ. ಪ್ರತಿ ಟ್ರ್ಯಾಕ್ ಡೇಗೆ ಮುಂಚೆ ಹೊಸ ಡಾಟ್ 4 ಹಾಕಿಸುತ್ತೇವೆ, ನಾಲ್ಕು ಸುತ್ತಿಗೊಮ್ಮೆ ಬ್ರೇಕ್ ಮುಟ್ಟದೆ ನಿಧಾನವಾಗಿ ಒಂದು ಸುತ್ತು ಹೊಡೆದು ಆರಿಸುತ್ತೇವೆ. ಟೇಕಲ್ ರಸ್ತೆಯ ಆ ಮೆಕ್ಯಾನಿಕ್ ಹುಡುಗನೇ ಈಗ ನಮ್ಮ ಜೊತೆ ಬರುತ್ತಾನೆ.

ಈ ವಾರ ಗಾಡಿ ನೋಡಲು ಹೋಗುತ್ತೀನಿ ಅಂದಿದ್ದೀರಿ. ಬಾನೆಟ್ ಎತ್ತಿಸಿ. ಸ್ಟೀರಿಂಗ್ ಕಡೆ, ಗಾಜಿನ ಬುಡದಲ್ಲಿ ಒಂದು ಚಿಕ್ಕ ಬಿಳಿ ಡಬ್ಬಿ ಇರುತ್ತದೆ. ಮುಚ್ಚಳದ ಸುತ್ತ ಧೂಳು ಒರೆಸಿ, ಆಮೇಲೆ ತೆಗೆದು ಒಳಗೆ ನೋಡಿ. ತಿಳಿ ಜೇನಿನ ಬಣ್ಣ ಇದ್ದರೆ ಒಳ್ಳೆಯ ಸೂಚನೆ. ಕಪ್ಪಗಿದ್ದರೆ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಬೆಲೆ ಎಷ್ಟು ಇಳಿಸಿ ಕೇಳಬೇಕು ಅಂತ ಹೇಳ್ತೀನಿ.