ಅಂಗಾಲಿನ ‘ಆಣಿ’ ಕೊಯ್ದಷ್ಟೂ ಹೆಚ್ಚುತ್ತಿದೆ

ಪ್ರಶ್ನೆ: ಕಾಫಿ ತೋಟದ ಕೆಲಸ, ಮಳೆಗಾಲವಿಡೀ ಗಂಬೂಟು. ಅಂಗಾಲಿನಲ್ಲಿ ಎದ್ದ ಆಣಿಯನ್ನು ಬ್ಲೇಡಿನಿಂದ ಕೊಯ್ದೆ, ರಕ್ತ ಬಂತು. ಈಗ ಸುತ್ತ ಇನ್ನೂ ನಾಲ್ಕು ಎದ್ದಿವೆ. ಎಂಟು ವರ್ಷದ ಮಗಳ ಬೆರಳಲ್ಲೂ ಒರಟು ಗಂಟೊಂದಿದೆ. ಎಕ್ಕದ ಹಾಲು ಹಚ್ಚಬಹುದೇ?
ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಎಕ್ಕದ ಹಾಲು ಬೇಡ, ಗೇರುಸಿಪ್ಪೆಯ ಎಣ್ಣೆಯೂ ಬೇಡ. ಎರಡೂ ಸುತ್ತಲಿನ ಒಳ್ಳೆಯ ಚರ್ಮವನ್ನೇ ಸುಡುತ್ತವೆ.

ನಿಮ್ಮದು ಆಣಿಯಲ್ಲ, ನರಹುಲಿ ಇದ್ದಂತಿದೆ. ಆಣಿ ಬರೀ ಒತ್ತಡದ ಜಡ್ಡು, ಕೊಯ್ದರೆ ಹರಡುವುದಿಲ್ಲ. ನರಹುಲಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ. ಗುರುತಿಸುವುದು ಕಷ್ಟವಲ್ಲ: ಆಣಿಯನ್ನು ನೇರ ಒತ್ತಿದರೆ ನೋವು, ನರಹುಲಿಯನ್ನು ಎರಡು ಬದಿಯಿಂದ ಹಿಂಡಿದರೆ ಹೆಚ್ಚು ನೋವು. ಚರ್ಮದ ಗೆರೆಗಳು ನರಹುಲಿಯ ಮೇಲೆ ಹಾಯುವುದಿಲ್ಲ. ಮೇಲ್ಪದರ ಸವೆದಾಗ ಕಾಣುವ ಕಪ್ಪು ಚುಕ್ಕೆಗಳನ್ನು ಜನ ‘ಬೇರು’ ಎನ್ನುತ್ತಾರೆ. ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಬೂಟಿನೊಳಗೆ ನೆನೆದು ಮೆದುವಾದ ಚರ್ಮದಲ್ಲಿ ವೈರಸ್ ಸುಲಭವಾಗಿ ಹೊಕ್ಕುತ್ತದೆ. ಬ್ಲೇಡಿನ ಗಾಯ ಅದಕ್ಕೆ ಇನ್ನಷ್ಟು ಬಾಗಿಲು ತೆರೆದಿದೆ.

ಗಾಯ ಮಾಯ್ದ ಮೇಲೆ, ಸುಮಾರು ಶೇ 17 ಸ್ಯಾಲಿಸಿಲಿಕ್ ಆಮ್ಲವಿರುವ ನರಹುಲಿ ದ್ರಾವಣವನ್ನು ಔಷಧದಂಗಡಿಯಿಂದ ತನ್ನಿ. ರಾತ್ರಿ ಕಾಲನ್ನು ಬಿಸಿನೀರಲ್ಲಿ 5ರಿಂದ 10 ನಿಮಿಷ ನೆನೆಸಿ, ಒರೆಸಿ, ಬಿಳಿಯಾದ ಸತ್ತ ಪದರವನ್ನು ಉಜ್ಜುಗಲ್ಲಿನಿಂದ ಹಗುರವಾಗಿ ತೆಗೆಯಿರಿ, ರಕ್ತ ಬರಬಾರದು. ಸುತ್ತ ವ್ಯಾಸಲೀನ್ ಸವರಿ, ಗಂಟಿನ ಮೇಲೆ ಮಾತ್ರ ಒಂದು ಹನಿ ಹಾಕಿ ಒಣಗಲು ಬಿಡಿ. ಈ ದ್ರಾವಣಕ್ಕೆ ಬೆಂಕಿ ತಗಲುವ ಗುಣವಿರುವುದರಿಂದ ಹಂಡೆ ಒಲೆಯ ಮುಂದೆ ಕೂತು ಹಚ್ಚಬೇಡಿ. ಉರಿ ಜಾಸ್ತಿಯಾದರೆ ನಾಲ್ಕು ದಿನ ನಿಲ್ಲಿಸಿ ಮತ್ತೆ ಶುರು ಮಾಡಿ. ಹದಿನೈದು ದಿನಕ್ಕೆ ಬೇಸತ್ತು ಬಿಡುವವರೇ ಹೆಚ್ಚು, ಆದರೆ ಇದಕ್ಕೆ 12 ವಾರ ಬೇಕು. ಗೆರೆಗಳು ಮತ್ತೆ ನೇರ ಹಾಯುವಂತಾದರೆ ವಾಸಿಯಾಯಿತೆಂದು ಲೆಕ್ಕ. ಆಗದಿದ್ದರೆ ಚರ್ಮವೈದ್ಯರು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಉದುರಿಸುತ್ತಾರೆ, 2ರಿಂದ 3 ವಾರಕ್ಕೊಮ್ಮೆ.

ಸಕ್ಕರೆ ಕಾಯಿಲೆ ಇದ್ದರೆ ಅಥವಾ ಪಾದ ಜೋಮು ಹಿಡಿದಿದ್ದರೆ ಇದಾವುದನ್ನೂ ಮನೆಯಲ್ಲಿ ಮಾಡಬೇಡಿ. ಮುಖ, ಗುಪ್ತಾಂಗದ ಗಂಟಿಗೂ ಈ ದ್ರಾವಣ ಹಚ್ಚಬಾರದು.

ಮಗಳದ್ದು ನೋಯದಿದ್ದರೆ ಸದ್ಯ ಬಿಡಿ. ಮಕ್ಕಳಲ್ಲಿ ಹೆಚ್ಚಿನವು ಎರಡು ವರ್ಷದೊಳಗೆ ತಾವೇ ಹೋಗುತ್ತವೆ. ಉಗುರು ಕಚ್ಚುವುದನ್ನು ಮಾತ್ರ ಬಿಡಿಸಿ, ಇಲ್ಲವಾದರೆ ತುಟಿಗೂ ಹತ್ತಬಹುದು. ಟವೆಲು, ಉಜ್ಜುಗಲ್ಲು ಬೇರೆ ಬೇರೆ ಇರಲಿ. ಗಂಬೂಟು ಯಾರೊಂದಿಗೂ ಹಂಚಿಕೊಳ್ಳದೆ ರಾತ್ರಿ ಮಗುಚಿಟ್ಟು ಒಣಗಿಸಿ, ಒದ್ದೆ ಸಾಕ್ಸನ್ನು ಮಧ್ಯಾಹ್ನವೇ ಬದಲಿಸಿ.