ತಂತ್ರಾಂಶ ಪ್ರಶ್ನೋತ್ತರ: ಲೈಬ್ರರಿ ಎಲ್ಲಿ ಸಿಗುತ್ತದೆ, ಅದರ ಕೈಪಿಡಿ ಎಲ್ಲಿರುತ್ತದೆ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕನ್ನು ಕುರಿತವು: ಪ್ರೋಗ್ರಾಂ ಬರೆಯಲು ಬೇಕಾದ ಲೈಬ್ರರಿಯೋ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟು) ಅದರ ಡಾಕ್ಯುಮೆಂಟೇಶನ್ನೋ (ಕೈಪಿಡಿ) ಸಿಗುತ್ತಿಲ್ಲ, ಸಿಕ್ಕಿದ್ದು ಹೇಳಿದಂತೆ ನಡೆಯುತ್ತಿಲ್ಲ. ಆದ್ದರಿಂದ ಈ ಬಾರಿ ಅಂತಹ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇವೆ. ಆಜ್ಞೆಗಳನ್ನೂ ಫೈಲುಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚುಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಪ್ರಶ್ನೆ: ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಪ್ರಶಸ್ತಿಪತ್ರ ಮುದ್ರಿಸಲೆಂದು ಪೈಥಾನ್‌ನಲ್ಲಿ ಚಿತ್ರಗಳನ್ನು ರಚಿಸುವ ಪಿಲ್ಲೋ ಲೈಬ್ರರಿ ಬಳಸಿ ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಅಂತರ್ಜಾಲದ ಪಾಠವೊಂದರಲ್ಲಿದ್ದ ‘ಟೆಕ್ಸ್ಟ್‌ಸೈಜ್’ ಎಂಬುದು ಇಲ್ಲವೇ ಇಲ್ಲ ಎಂದು ದೋಷಸಂದೇಶ ಬರುತ್ತದೆ. ಆ ಸಾಲನ್ನು ತೆಗೆದರೆ ಹೆಸರೇನೋ ಮೂಡುತ್ತದೆ, ಆದರೆ ‘ಲಕ್ಷ್ಮೀ’, ‘ಶಾಸ್ತ್ರಿ’ ಎಂಬಂತಹ ಹೆಸರುಗಳಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತವೆ. ಫಾಂಟ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. — ಶಿಕ್ಷಕಿಯೊಬ್ಬರು, ಚಿಂತಾಮಣಿ

ಉತ್ತರ: ನಿಮ್ಮ ಎರಡು ತೊಂದರೆಗಳಲ್ಲಿ ಮೊದಲನೆಯದು ಕೈಪಿಡಿಗೆ ಸಂಬಂಧಿಸಿದ್ದು, ಎರಡನೆಯದು ಬಿಡಿಭಾಗಕ್ಕೆ ಸಂಬಂಧಿಸಿದ್ದು. ‘ಟೆಕ್ಸ್ಟ್‌ಸೈಜ್’ ಹಿಂದೆ ಇತ್ತು. 2022ರ ಪಿಲ್ಲೋ 9.2 ಆವೃತ್ತಿ ಅದನ್ನು ಕೈಬಿಡುವುದಾಗಿ ಎಚ್ಚರಿಸಿತು, 2023ರ ಜುಲೈನಲ್ಲಿ ಬಂದ 10.0 ಆವೃತ್ತಿ ತೆಗೆದೇ ಹಾಕಿತು. ಅಕ್ಷರಗಳು ಹಿಡಿಯುವ ಜಾಗವನ್ನು ಅಳೆಯುವ ಆ ಕೆಲಸಕ್ಕೆ ಈಗ ‘ಟೆಕ್ಸ್ಟ್‌ಬಿಬಾಕ್ಸ್’ ಬಳಸಬೇಕು. ನೀವು ಓದಿದ ಪಾಠ ಬರೆದ ಕಾಲಕ್ಕೆ ಸರಿಯಾಗಿಯೇ ಇದ್ದಿರಬೇಕು, ಆದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿ ಬೇರೆ. ಆದ್ದರಿಂದ ಹುಡುಕಲು ಕೂರುವ ಮೊದಲು ‘ಪಿಪ್ ಶೋ ಪಿಲ್ಲೋ’ ಎಂದು ಬರೆದು (ಪಿಪ್ ಎಂಬುದು ಪೈಥಾನ್ ಲೈಬ್ರರಿಗಳನ್ನು ಸ್ಥಾಪಿಸುವ ಸಾಧನ) ಆವೃತ್ತಿಯ ಸಂಖ್ಯೆಯನ್ನು ತಿಳಿದುಕೊಳ್ಳಿ, ಆಮೇಲೆ ಅದೇ ಸಂಖ್ಯೆಯ ಡಾಕ್ಯುಮೆಂಟೇಶನ್ ತೆರೆಯಿರಿ. ಪಿಲ್ಲೋ ಕೈಪಿಡಿ ‘ರೀಡ್ ದ ಡಾಕ್ಸ್’ ತಾಣದಲ್ಲಿದ್ದು, ಅಲ್ಲಿ ಆವೃತ್ತಿಯನ್ನು ಆಯ್ದುಕೊಳ್ಳಬಹುದು. ‘ಲೇಟೆಸ್ಟ್’ ಎಂದು ಕಂಡದ್ದನ್ನೇ ಒಳ್ಳೆಯದೆಂದು ಆರಿಸುವವರು ಬಹಳ. ಸಾಮಾನ್ಯವಾಗಿ ಅದು ಇನ್ನೂ ಬಿಡುಗಡೆಯಾಗದ, ಕೆಲಸ ನಡೆಯುತ್ತಿರುವ ಆವೃತ್ತಿಯ ಪುಟ. ಬಿಡುಗಡೆಯಾದುದು ‘ಸ್ಟೇಬಲ್’. ಯಾವುದನ್ನು ಯಾವಾಗ ತೆಗೆದರು, ಬದಲಿಗೆ ಏನನ್ನು ಕೊಟ್ಟರು ಎಂಬುದು ‘ರಿಲೀಸ್ ನೋಟ್ಸ್’ ಭಾಗದಲ್ಲಿ ಇರುತ್ತದೆ. ಅದನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಒತ್ತಕ್ಷರದ ವಿಷಯದಲ್ಲಿ ಫಾಂಟಿನ ತಪ್ಪಿಲ್ಲ. ಯೂನಿಕೋಡ್ ಪಠ್ಯದಲ್ಲಿ ‘ಸ್ತ್ರ’ ಎಂಬುದು ಸ, ಅರ್ಧಾಕ್ಷರದ ಚಿಹ್ನೆ (ಹಲಂತ), ತ, ಹಲಂತ, ರ ಎಂದು ಐದು ಸಂಕೇತಗಳಾಗಿ ಸಾಲಾಗಿರುತ್ತದೆ. ಒತ್ತುಗಳ ಆಕಾರಗಳೂ ಅವುಗಳನ್ನು ಯಾವಾಗ ಬಳಸಬೇಕೆಂಬ ನಿಯಮಗಳೂ ಫಾಂಟಿನೊಳಗೆ ಇರುತ್ತವೆ. ಆದರೆ ಆ ನಿಯಮಗಳನ್ನು ಓದಿ ಜಾರಿಗೆ ತರಲು ಹಾರ್ಫ್‌ಬಜ್‌ನಂತಹ ಬೇರೊಂದು ತಂತ್ರಾಂಶ ಬೇಕು. ಪಿಲ್ಲೋದಲ್ಲಿ ಎರಡು ವ್ಯವಸ್ಥೆಗಳಿವೆ. ‘ಬೇಸಿಕ್’ ಎಂಬುದು ಸಂಕೇತಗಳನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ಮನಾಗುತ್ತದೆ. ಹಾರ್ಫ್‌ಬಜ್ ಮತ್ತು ಫ್ರಿಬಿಡಿ ಎಂಬ ಎರಡು ಲೈಬ್ರರಿಗಳನ್ನು ಕೂಡಿಸಿ ಮಾಡಿದ ‘ರಾಕ್ಮ್’ ಒತ್ತುಗಳನ್ನು ಸರಿಯಾದ ಜಾಗಕ್ಕೆ ತರುತ್ತದೆ. ಫ್ರಿಬಿಡಿ ಇರುವುದು ಉರ್ದು, ಅರಬ್ಬಿಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ. ಕನ್ನಡಕ್ಕೆ ಅದರ ಅಗತ್ಯವಿಲ್ಲದಿದ್ದರೂ ಅದು ಇಲ್ಲದೆ ರಾಕ್ಮ್ ನಡೆಯುವುದಿಲ್ಲ, ರಾಕ್ಮ್ ಇಲ್ಲದಿದ್ದರೆ ಪಿಲ್ಲೋ ಸದ್ದಿಲ್ಲದೆ ಬೇಸಿಕ್ ವ್ಯವಸ್ಥೆಗೆ ಇಳಿಯುತ್ತದೆ. ದೋಷಸಂದೇಶ ಬಾರದಿರಲು ಇದೇ ಕಾರಣ.

ಪೈಥಾನ್‌ನಲ್ಲಿ ‘ಪಿಐಎಲ್’ನಿಂದ (ಕೋಡಿನಲ್ಲಿ ಪಿಲ್ಲೋಗೆ ಇರುವ ಹೆಸರು) ‘ಫೀಚರ್ಸ್’ ಭಾಗವನ್ನು ತಂದುಕೊಂಡು, ಅದರ ‘ಚೆಕ್’ ಎಂಬುದಕ್ಕೆ ‘ರಾಕ್ಮ್’ ಎಂಬ ಹೆಸರನ್ನು ಕೊಟ್ಟು ನೋಡಿ. ‘ಫಾಲ್ಸ್’ ಎಂದು ಬಂದರೆ ರೋಗ ಇದೇ. ಪಿಲ್ಲೋ 8.2ರಿಂದ ಈಚೆಗೆ ರಾಕ್ಮ್ ಜೊತೆಯಲ್ಲೇ ಬರುತ್ತದೆ, ಫ್ರಿಬಿಡಿ ಮಾತ್ರ ಬರುವುದಿಲ್ಲ. ಉಬುಂಟುವಿನಲ್ಲಿ ‘ಲಿಬ್‌ಫ್ರಿಬಿಡಿ0’ ಪ್ಯಾಕೇಜನ್ನು ಎಪಿಟಿ ಎಂಬ ಅನುಸ್ಥಾಪನೆಯ ಆಜ್ಞೆಯಿಂದ ಹಾಕಿಕೊಂಡರೆ ಸಾಕು. ವಿಂಡೋಸ್‌ನಲ್ಲಿ ಫ್ರಿಬಿಡಿಯ ಡಿಎಲ್‌ಎಲ್ (ವಿಂಡೋಸ್ ಬಳಸುವ ಲೈಬ್ರರಿ) ಫೈಲನ್ನು ಮೂಲಕೋಡಿನಿಂದ ತಯಾರಿಸಿ ಸರಿಯಾದ ಫೋಲ್ಡರಿನಲ್ಲಿ ಇಡಬೇಕಾಗುತ್ತದೆ; ಹೊಸಬರಿಗೆ ಅದು ತ್ರಾಸದ ಕೆಲಸವಾದ್ದರಿಂದ, ವಿಂಡೋಸ್ ಒಳಗೇ ಉಬುಂಟು ನಡೆಸುವ ಡಬ್ಲ್ಯೂಎಸ್‌ಎಲ್ ಸೌಲಭ್ಯವನ್ನು ಬಳಸಿರೆಂದು ಸಲಹೆ ಕೊಡುತ್ತೇವೆ. ಇಷ್ಟೆಲ್ಲ ಪಿಲ್ಲೋ ಕೈಪಿಡಿಯಲ್ಲೇ ಇದೆ, ಆದರೆ ಪಾಠದ ಪುಟದಲ್ಲಲ್ಲ, ಅನುಸ್ಥಾಪನೆಯ ಪುಟದಲ್ಲಿ. ‘ಪಿಪ್ ಇನ್‌ಸ್ಟಾಲ್’ ಸಾಲು ಕಂಡೊಡನೆ ಆ ಪುಟವನ್ನು ಮುಚ್ಚಿಬಿಡುತ್ತೇವೆ. ಲೈಬ್ರರಿಯೊಂದು ಬೇರೆ ಯಾವ ಲೈಬ್ರರಿಗಳನ್ನು ಅವಲಂಬಿಸಿದೆ ಎಂಬ ವಿವರ ಇರುವುದು ಅದರ ಕೆಳಗೆ.

ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಹಾಕಿದರೆ ಒತ್ತು ತಾನಾಗಿ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಕಾಣಲು ಸರಿಹೋಗುವುದು ನಿಜ. ಆದರೆ ಮಕ್ಕಳ ಹೆಸರುಗಳನ್ನೆಲ್ಲ ಹಳೆಯ ಸಂಕೇತಕ್ಕೆ ಬದಲಿಸಬೇಕಾಗುತ್ತದೆ, ಹಾಗೆ ಬದಲಿಸಿದ ಪಟ್ಟಿ ಬೇರೆ ಯಾವ ಕೆಲಸಕ್ಕೂ ಒದಗುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ ಇವುಗಳಲ್ಲಿ ಯಾವುದಾದರೂ ಆದೀತು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ನೆಟ್‌ವರ್ಕ್ ಇರುವುದೇ ಅಪರೂಪ. ಪೈಥಾನ್ ಕಲಿಯುತ್ತಿದ್ದೇನೆ. ಡಾಕ್ಯುಮೆಂಟೇಶನ್ ಮತ್ತು ಲೈಬ್ರರಿಗಳನ್ನು ಪೆನ್‌ಡ್ರೈವಿನಲ್ಲಿ ತಂದಿಟ್ಟುಕೊಳ್ಳಬಹುದೇ? — ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು

ಉತ್ತರ: ಧಾರಾಳವಾಗಿ ತಂದಿಟ್ಟುಕೊಳ್ಳಬಹುದು. ಪೈಥಾನ್‌ನ ಅಧಿಕೃತ ಡಾಕ್ಯುಮೆಂಟೇಶನ್ ತಾಣದ ಡೌನ್‌ಲೋಡ್ ಪುಟದಲ್ಲಿ ಇಡೀ ಕೈಪಿಡಿಯು ಎಚ್‌ಟಿಎಂಎಲ್ ರೂಪದಲ್ಲಿ ಒಂದೇ ಜಿಪ್ ಫೈಲಾಗಿ ಸಿಗುತ್ತದೆ. ಅದೂ ಇಲ್ಲದಿದ್ದಾಗ ‘ಪೈಥಾನ್ ಡ್ಯಾಶ್ ಎಂ ಪೈಡಾಕ್ ಡ್ಯಾಶ್ ಬಿ’ ಎಂಬ ಆಜ್ಞೆ ಕೊಟ್ಟರೆ, ನಿಮ್ಮ ಯಂತ್ರದಲ್ಲಿ ಸ್ಥಾಪಿತವಾಗಿರುವ ಲೈಬ್ರರಿಗಳ ಕೋಡಿನಲ್ಲೇ ಬರೆದಿಟ್ಟಿರುವ ವಿವರಣೆಗಳನ್ನು ಒಟ್ಟುಗೂಡಿಸಿ ಬ್ರೌಸರಿನಲ್ಲಿ ತೋರಿಸುತ್ತದೆ. ಅಂತರ್ಜಾಲ ಬೇಕಿಲ್ಲ, ನಿಮ್ಮಲ್ಲಿರುವ ಆವೃತ್ತಿಯ ವಿವರವೇ ಸಿಗುವುದರಿಂದ ಚಿಂತಾಮಣಿಯ ಶಿಕ್ಷಕಿಯವರಿಗೆ ಆದ ಗೊಂದಲವೂ ಆಗುವುದಿಲ್ಲ. ಹಲವು ಭಾಷೆಗಳ ಕೈಪಿಡಿಗಳು ಒಂದೇ ಕಡೆ ಬೇಕೆಂದರೆ ವಿಂಡೋಸ್ ಮತ್ತು ಲಿನಕ್ಸ್‌ಗೆ ಜೀಲ್ ಎಂಬ ಉಚಿತ ತಂತ್ರಾಂಶವಿದೆ. ಬ್ರೌಸರಿನಲ್ಲೇ ಉಳಿಸಿಕೊಳ್ಳಲು ಡೆವ್‌ಡಾಕ್ಸ್ ಇದೆ. ಮುಂದೆ ರಸ್ಟ್ ಭಾಷೆಗೆ ಹೋಗುವುದಾದರೆ ‘ರಸ್ಟ್‌ಅಪ್ ಡಾಕ್’ ಎಂದರೆ ಸಾಕು, ಅದರ ಕೈಪಿಡಿಯೇ ತೆರೆದುಕೊಳ್ಳುತ್ತದೆ.

ಲೈಬ್ರರಿಗಳನ್ನು ತರಲು ನೆಟ್‌ವರ್ಕ್ ಇರುವ ಕಡೆ ‘ಪಿಪ್ ಡೌನ್‌ಲೋಡ್’ ಆಜ್ಞೆ ಕೊಡಿ. ಬೇಕಾದ ಲೈಬ್ರರಿಯ ಜೊತೆಗೆ ಅದಕ್ಕೆ ಬೇಕಾದ ಇತರ ಲೈಬ್ರರಿಗಳೂ ಒಂದು ಫೋಲ್ಡರಿಗೆ ಬಂದು ಬೀಳುತ್ತವೆ. ಮನೆಯಲ್ಲಿ ಪಿಪ್ ಇನ್‌ಸ್ಟಾಲ್ ಮಾಡುವಾಗ ‘ನೋ ಇಂಡೆಕ್ಸ್’ ಮತ್ತು ‘ಫೈಂಡ್ ಲಿಂಕ್ಸ್’ ಎಂಬ ಎರಡು ಆಯ್ಕೆಗಳೊಂದಿಗೆ ಆ ಫೋಲ್ಡರನ್ನು ತೋರಿಸಬೇಕು. ಒಂದು ಎಚ್ಚರಿಕೆ: ಅನೇಕ ಲೈಬ್ರರಿಗಳ ಫೈಲುಗಳು ಆಪರೇಟಿಂಗ್ ಸಿಸ್ಟಮ್ಮಿಗೂ ಪೈಥಾನ್ ಆವೃತ್ತಿಗೂ ತಕ್ಕಂತೆ ಬೇರೆಬೇರೆಯಾಗಿರುತ್ತವೆ. ಕಾಲೇಜಿನ ಲಿನಕ್ಸ್ ಯಂತ್ರದಲ್ಲಿ ಇಳಿಸಿಕೊಂಡದ್ದು ಮನೆಯ ವಿಂಡೋಸ್ ಯಂತ್ರದಲ್ಲಿ ಕೂರದೆ ಹೋಗಬಹುದು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಸಾಲದ ಲೆಕ್ಕವೆಲ್ಲ ವಿಷುಯಲ್ ಬೇಸಿಕ್ 6ರಲ್ಲಿ ಬರೆಸಿದ ತಂತ್ರಾಂಶದಲ್ಲಿದೆ. ಹೊಸ ವಿಂಡೋಸ್ 11 ಕಂಪ್ಯೂಟರಿಗೆ ಫೈಲನ್ನು ನಕಲು ಮಾಡಿ ತೆರೆದರೆ ‘ಎಂಎಸ್‌ಕಾಮ್‌ಸಿಟಿಎಲ್ ಡಾಟ್ ಓಸಿಎಕ್ಸ್’ ಎಂಬ ಬಿಡಿಭಾಗ ಇಲ್ಲ ಎನ್ನುತ್ತದೆ. ಬರೆದುಕೊಟ್ಟವರು ಈಗ ಸಂಪರ್ಕದಲ್ಲಿಲ್ಲ. ಡಿಎಲ್‌ಎಲ್ ಫೈಲುಗಳನ್ನು ಉಚಿತವಾಗಿ ಕೊಡುವ ತಾಣವೊಂದರಿಂದ ಇಳಿಸಿಕೊಳ್ಳಲೇ? — ಸಂಘದ ಗುಮಾಸ್ತರು, ತಿಪಟೂರು

ಉತ್ತರ: ದಯವಿಟ್ಟು ಬೇಡ. ಜನರ ಸಾಲದ ಲೆಕ್ಕ ಇರುವ ಯಂತ್ರಕ್ಕೆ, ಯಾರು ಏರಿಸಿದರೆಂದು ಗೊತ್ತಿಲ್ಲದ ಫೈಲನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಸೇರಿಸುವುದು ಯಾವ ಲೆಕ್ಕದಲ್ಲೂ ತಕ್ಕುದಲ್ಲ.

1998ರಲ್ಲಿ ಬಂದ ವಿಬಿ 6ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2008ರ ಏಪ್ರಿಲ್‌ನಲ್ಲಿ ಮುಗಿಯಿತು. ಆದರೂ ಅದರಲ್ಲಿ ಬರೆದ ಪ್ರೋಗ್ರಾಂಗಳನ್ನು ನಡೆಸಲು ಬೇಕಾದ ಮೂಲ ರನ್‌ಟೈಮ್ ಫೈಲುಗಳು ಇಂದಿನ ವಿಂಡೋಸ್‌ನಲ್ಲೂ ಇವೆ. ನೀವು ಕೇಳುತ್ತಿರುವ ಓಸಿಎಕ್ಸ್ ಆ ಗುಂಪಿಗೆ ಸೇರಿದ್ದಲ್ಲ. ಇಂತಹ ಹೆಚ್ಚುವರಿ ಬಿಡಿಭಾಗಗಳನ್ನು ತಂತ್ರಾಂಶ ಬರೆದವರೇ ತಮ್ಮ ಸೆಟಪ್‌ನೊಂದಿಗೆ ಕೊಡಬೇಕೆಂಬುದು ಮೊದಲಿನಿಂದಲೂ ಇರುವ ಏರ್ಪಾಡು. ಹಾಗಾಗಿ ಪ್ರೋಗ್ರಾಂ ಫೈಲನ್ನಷ್ಟೇ ನಕಲು ಮಾಡಿದಾಗ ಅದು ಹಿಂದೆಯೇ ಉಳಿಯಿತು. ಸಂಘದ ಬೀರುವಿನಲ್ಲಿ ಹಳೆಯ ಸೆಟಪ್ ಸಿಡಿ ಇದೆಯೇ ನೋಡಿ. ಈ ತಂತ್ರಾಂಶಕ್ಕೆ ಯಾವ ಯಾವ ಬಿಡಿಭಾಗ ಬೇಕು ಎಂಬ ಪೂರ್ಣ ಪಟ್ಟಿ ಅದರಲ್ಲಿರುತ್ತದೆ. ಸಿಡಿ ಇಲ್ಲದಿದ್ದರೆ ಹಳೆಯ ಕಂಪ್ಯೂಟರೇ ಆಧಾರ. ಅದನ್ನು ಗುಜರಿಗೆ ಹಾಕುವ ಅವಸರ ಬೇಡ.

ಪಟ್ಟಿಯನ್ನು ಹಳೆಯದರಿಂದ ತೆಗೆದುಕೊಂಡರೂ ಎಂಎಸ್‌ಕಾಮ್‌ಸಿಟಿಎಲ್ ಫೈಲನ್ನು ಮಾತ್ರ ಹಳೆಯ ಸಿಡಿಯಿಂದ ತೆಗೆದುಕೊಳ್ಳಬೇಡಿ. ಅದರಲ್ಲಿದ್ದ ಗಂಭೀರವಾದ ಭದ್ರತಾ ದೋಷವೊಂದನ್ನು ಮೈಕ್ರೋಸಾಫ್ಟ್ 2012ರ ಏಪ್ರಿಲ್‌ನಲ್ಲಿ ಸರಿಪಡಿಸಿತು. ವರ್ಡ್ ಕಡತಗಳ ಮೂಲಕ ನಡೆದ ಎಷ್ಟೋ ದಾಳಿಗಳಿಗೆ ಆ ದೋಷವೇ ದಾರಿಯಾಗಿತ್ತು. ಮೈಕ್ರೋಸಾಫ್ಟ್‌ನ ಸ್ವಂತ ಡೌನ್‌ಲೋಡ್ ತಾಣದಲ್ಲಿ ‘ವಿಷುಯಲ್ ಬೇಸಿಕ್ 6.0 ಸರ್ವಿಸ್ ಪ್ಯಾಕ್ 6 ಕ್ಯುಮುಲೇಟಿವ್ ಅಪ್‌ಡೇಟ್’ ಎಂಬ ಹೆಸರಿನಲ್ಲಿ ಹುಡುಕಿ, ಅದರಲ್ಲಿರುವುದನ್ನು ಬಳಸಿ. ಫೈಲನ್ನು ಇಡಬೇಕಾದ ಫೋಲ್ಡರ್ ‘ಸಿಸ್‌ವಾವ್64’. ಹೆಸರಿನಲ್ಲಿ 64 ಇದ್ದರೂ 32 ಬಿಟ್ ಫೈಲುಗಳು ಇರುವುದು ಅಲ್ಲಿಯೇ, 64 ಬಿಟ್ ಫೈಲುಗಳು ಇರುವುದು ‘ಸಿಸ್ಟಮ್32’ರಲ್ಲಿ! ಇಂತಹ ಹೆಸರಿಟ್ಟವರನ್ನು ಶಪಿಸದ ಪ್ರೋಗ್ರಾಮರ್ ಇರಲಾರ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಫೋಲ್ಡರಿನ ‘ರೆಗ್‌ಎಸ್‌ವಿಆರ್32’ ಆಜ್ಞೆಯಿಂದ ಫೈಲನ್ನು ನೋಂದಾಯಿಸಿ.

ಇದರಿಂದ ತಂತ್ರಾಂಶ ಓಡುತ್ತದೆ. ಮುಂದೆ ಯಾರಾದರೂ ಅದನ್ನು ತಿದ್ದಲು ವಿಬಿ 6 ಸ್ಥಾಪಿಸಿದರೆ, ಅವರಿಗೆ 2001ರ ಅಕ್ಟೋಬರ್ ಆವೃತ್ತಿಯ ಎಂಎಸ್‌ಡಿಎನ್ ಲೈಬ್ರರಿ ಸಿಡಿ ಬೇಕಾಗುತ್ತದೆ, ಏಕೆಂದರೆ ವಿಬಿ 6ರ ಒಳಗೆ ಎಫ್1 ಒತ್ತಿದರೆ ತೆರೆದುಕೊಳ್ಳುವ ಸಹಾಯ ಪುಟಗಳ ಕೊನೆಯ ಆವೃತ್ತಿ ಅದು. ಅಂತರ್ಜಾಲದಿಂದ ಇಳಿಸಿದ ‘ಸಿಎಚ್‌ಎಂ’ ಕೈಪಿಡಿ ತೆರೆದಾಗ ಪುಟಗಳು ಖಾಲಿ ಕಂಡರೆ ಫೈಲ್ ಕೆಟ್ಟಿದೆ ಎಂದು ಭಾವಿಸಬೇಡಿ. ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಬೇಕಷ್ಟೆ.

ಪ್ರಶ್ನೆ: ಕೆಲವು ವರ್ಷ ಹಿಂದಿನ ಆಂಡ್ರಾಯ್ಡ್ ಆ್ಯಪ್ ಒಂದನ್ನು ಮತ್ತೆ ಬಿಲ್ಡ್ ಮಾಡಲು ಹೋದರೆ ಎರಡು ಲೈಬ್ರರಿಗಳು ಸಿಗುತ್ತಿಲ್ಲ ಎನ್ನುತ್ತದೆ. ಏಕೆ? — ಹುಬ್ಬಳ್ಳಿಯ ಓದುಗರು

ಉತ್ತರ: ಆ್ಯಪನ್ನು ಬಿಲ್ಡ್ ಮಾಡುವ ಗ್ರೇಡಲ್ ಸಾಧನದ ಫೈಲಿನಲ್ಲಿ ‘ಜೆಸೆಂಟರ್’ ಎಂಬ ಲೈಬ್ರರಿ ಭಂಡಾರದ ಹೆಸರಿದೆಯೇ ನೋಡಿ. ಅದು ಆಶ್ರಯಿಸಿದ್ದ ಬಿನ್‌ಟ್ರೇ ಸೇವೆ 2021ರ ಮೇ ತಿಂಗಳಲ್ಲಿ ಮುಚ್ಚಿತು. ಜೆಸೆಂಟರ್ ಕೆಲಕಾಲ ಓದಲಷ್ಟೇ ತೆರೆದಿದ್ದು, 2024ರಲ್ಲಿ ಕೋರಿಕೆಗಳನ್ನೆಲ್ಲ ಮೇವನ್ ಸೆಂಟ್ರಲ್ ಎಂಬ ಇನ್ನೊಂದು ಭಂಡಾರಕ್ಕೆ ತಿರುಗಿಸಲಾಯಿತು. ಆದ್ದರಿಂದ ಅಲ್ಲಿಗೆ ವರ್ಗಾವಣೆಯಾಗದ ಲೈಬ್ರರಿಗಳು ಸಿಗುವುದಿಲ್ಲ. ಲೈಬ್ರರಿಯ ಮೂಲಕೋಡು ಇರುವ ಗಿಟ್‌ಹಬ್ ಪುಟಕ್ಕೆ ಹೋಗಿ ಹೊಸ ವಿಳಾಸ ಕೊಟ್ಟಿದ್ದಾರೆಯೇ ನೋಡಿ; ಎಷ್ಟೋ ಸಲ ಗುಂಪಿನ ಹೆಸರು ಬದಲಾಗಿರುತ್ತದೆ. ಏನೂ ಇಲ್ಲದಿದ್ದರೆ ಗಿಟ್‌ಹಬ್ ಕೋಡಿನಿಂದಲೇ ಲೈಬ್ರರಿ ಕಟ್ಟಿಕೊಡುವ ಜಿಟ್‌ಪ್ಯಾಕ್ ಸೇವೆಯನ್ನು ಪ್ರಯತ್ನಿಸಿ. ಮೇವನ್ ಸೆಂಟ್ರಲ್‌ಗೆ ಏರಿಸುವವರು ಮೂಲಕೋಡು ಮತ್ತು ಜಾವಾಡಾಕ್ (ಕೋಡಿನಿಂದ ತಯಾರಾಗುವ ಕೈಪಿಡಿ) ಎರಡನ್ನೂ ಜೊತೆಗೆ ಕೊಡಬೇಕೆಂಬ ನಿಯಮವಿರುವುದರಿಂದ, ಲೈಬ್ರರಿಯ ಜಾಲತಾಣ ಅಳಿದುಹೋಗಿದ್ದರೂ ಅದರ ಕೈಪಿಡಿ ಅಲ್ಲಿ ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ಎಐ ಸಹಾಯಕ ಬರೆದುಕೊಟ್ಟ ಕೋಡಿನಲ್ಲಿ ‘ಇಂಪೋರ್ಟ್ ಸಿವಿ2’ ಎಂದಿತ್ತು. ಪಿಪ್‌ನಲ್ಲಿ ‘ಸಿವಿ2’ ಎಂದರೆ ಸಿಗಲಿಲ್ಲ. ಅದೇ ಹೇಳಿದ ಇನ್ನೊಂದು ಹೆಸರು ಸಿಕ್ಕಿತು, ಆದರೆ ನಂಬಬಹುದೇ ಎಂಬ ಅನುಮಾನ. — ಬಿಸಿಎ ವಿದ್ಯಾರ್ಥಿ, ಕಲಬುರಗಿ

ಉತ್ತರ: ಕೋಡಿನಲ್ಲಿ ಕರೆಯುವ ಹೆಸರೂ ಭಂಡಾರದಲ್ಲಿರುವ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ‘ಸಿವಿ2’ಗೆ ‘ಓಪನ್‌ಸಿವಿ ಪೈಥಾನ್’, ‘ಯಾಮ್ಲ್’ಗೆ ‘ಪೈಯಾಮ್ಲ್’, ‘ಬಿಎಸ್4’ಕ್ಕೆ ‘ಬ್ಯೂಟಿಫುಲ್‌ಸೂಪ್4’ ಎಂದು ಹುಡುಕಬೇಕು. ಪಿಪ್ ಲೈಬ್ರರಿಗಳನ್ನು ತರುವ ಪೈಪಿಐ ಭಂಡಾರದಲ್ಲಿ ಖಾಲಿ ಇರುವ ಹೆಸರನ್ನು ಸಾಮಾನ್ಯವಾಗಿ ಯಾರು ಬೇಕಾದರೂ ತಮ್ಮದಾಗಿಸಿಕೊಳ್ಳಬಹುದು, ಯಾರೂ ಮೊದಲೇ ಪರೀಕ್ಷಿಸುವುದಿಲ್ಲ. 2017ರಲ್ಲಿ ಸ್ಲೊವಾಕಿಯಾದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಅಲ್ಲಿ ಹಲವು ನಕಲಿ ಪ್ಯಾಕೇಜುಗಳನ್ನು ಪತ್ತೆಹಚ್ಚಿತು. ‘ಯುಆರ್‌ಎಲ್‌ಲಿಬ್3’ರಲ್ಲಿ ಒಂದು ‘ಎಲ್’ ಬಿಟ್ಟು ಮಾಡಿದ ಹೆಸರು ಅವುಗಳಲ್ಲೊಂದು. ಎಐ ಸಹಾಯಕಗಳು ಇಲ್ಲದ ಹೆಸರುಗಳನ್ನೂ ಇದ್ದಂತೆ ಹೇಳುವುದರಿಂದ, ಅಂತಹ ಹೆಸರನ್ನು ಬೇರೆಯವರು ನೋಂದಾಯಿಸಿ ಕಾದು ಕೂರಲು ಅವಕಾಶ ಹೆಚ್ಚಿದೆ. ಆದ್ದರಿಂದ ಭಂಡಾರದಿಂದ ಹೊರಟು ಲೈಬ್ರರಿಗೆ ಹೋಗಬೇಡಿ. ಲೈಬ್ರರಿಯ ಸ್ವಂತ ಜಾಲತಾಣದ ಅನುಸ್ಥಾಪನೆಯ ಪುಟದಲ್ಲಿರುವ ಹೆಸರನ್ನೇ ಅಕ್ಷರಶಃ ನಕಲು ಮಾಡಿ ಭಂಡಾರಕ್ಕೆ ಬನ್ನಿ. ಹಳೆಯ ಪುಸ್ತಕಗಳು ಹೇಳುವ ‘ಪಿಪ್ ಸರ್ಚ್’ಗೆ 2020ರ ಡಿಸೆಂಬರ್‌ನಿಂದ ಪೈಪಿಐ ಉತ್ತರಿಸುತ್ತಿಲ್ಲ.

ನಿಮಗೆ ಸಿಕ್ಕಿದ ಪ್ಯಾಕೇಜನ್ನು ಇನ್ನೂ ಸ್ಥಾಪಿಸಿಲ್ಲದಿದ್ದರೆ ಪೈಪಿಐ ಪುಟದಲ್ಲಿ ಅದರ ಬಿಡುಗಡೆಗಳ ಇತಿಹಾಸವನ್ನೂ ಮೂಲಕೋಡಿನ ಕೊಂಡಿಯನ್ನೂ ನೋಡಿ ತೀರ್ಮಾನಿಸಿ. ಸ್ಥಾಪಿಸಿಯಾಗಿದ್ದು, ಅದು ನಕಲಿ ಎಂದು ತಿಳಿದುಬಂದರೆ, ತೆಗೆದುಹಾಕುವುದಷ್ಟೇ ಸಾಲದು. ಸ್ಥಾಪನೆಯ ಹೊತ್ತಿನಲ್ಲೇ ಅದರ ಕೋಡು ಓಡಿರಬಹುದಾದ್ದರಿಂದ, ಆ ಯಂತ್ರದಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳನ್ನೂ ಗಿಟ್‌ಹಬ್ ಟೋಕನ್‌ಗಳನ್ನೂ ಬೇರೊಂದು ಯಂತ್ರದಿಂದ ಅಂದೇ ಬದಲಿಸಿ.